ಮಾಳಿಗೆ ಮೇಲಿನ ದಾರಿ

ಬಸ್ಸಿಳಿದು ಯಾವ ಊರಿಗೆ ಕಾಲಿಟ್ಟರೂ ನನ್ನ ಕಣ್ಣು ಮೊದಲು ಹೋಗುವುದು ಮನೆಗಳ ನೆತ್ತಿಗೆ. ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು, ಈ ಚಟ ಮಾತ್ರ ಬಿಟ್ಟಿಲ್ಲ. ನೆಂಟರ ಮನೆಗೆ ಹೋದರೂ ಅಷ್ಟೇ. ಅವರು ನನ್ನ ಆರೋಗ್ಯ ವಿಚಾರಿಸುತ್ತಿದ್ದರೆ ನಾನು ಅವರ ತಲೆಯ ಮೇಲೆ ಯಾವ ಹೆಂಚು ಜಾರಿದೆ ಎಂದು ನೋಡುತ್ತಿರುತ್ತೇನೆ. ನನ್ನ ಹೆಂಡತಿಗೆ ಇದು ತಲೆ ತಗ್ಗಿಸುವ ವಿಷಯ.

ನಾನು ಶಿರಾದವನು. ನಮ್ಮ ತಂದೆ ಗಾರೆ ಕೆಲಸದವರು. ಸುಣ್ಣ ಮರಳು ಅರೆದು, ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ, ಉಳ್ಳವರ ಮನೆಗಳಿಗೆ ಗಾರೆಯ ಸಮತಟ್ಟು ಮಾಳಿಗೆ ಹಾಕುತ್ತಿದ್ದರು. ಅವರ ಕಾಲ ಮುಗಿಯುವ ಹೊತ್ತಿಗೆ ಅಂಥ ಮಾಳಿಗೆ ಹಾಕಿಸುವವರೂ ಮುಗಿದಿದ್ದರು. ಐವತ್ತರ ದಶಕದಲ್ಲಿ ನಾನು ಮಧುಗಿರಿಯ ಒಬ್ಬ ಮರಗೆಲಸದ ಆಚಾರಿಯ ಜೊತೆ ಸೇರಿ ಮಂಗಳೂರು ಹೆಂಚು ಹೊದಿಸುವ ಕೆಲಸಕ್ಕೆ ಇಳಿದೆ. ತೊಲೆ, ಜಂತೆ, ರೀಪು ಎಲ್ಲ ಅವರದು. ಹೆಂಚು ಹೊದಿಸುವುದು, ಗಾರೆ ಮೆತ್ತುವುದು, ಗಿರಾಕಿಯ ಹತ್ತಿರ ಮಾತಾಡುವುದು ನನ್ನದು. ಅವರು ಮಾತಾಡಿದರೆ ಗಿರಾಕಿ ಉಳಿಯುತ್ತಿರಲಿಲ್ಲ, ನಾನು ಮರ ಮುಟ್ಟಿದರೆ ಮನೆ ಉಳಿಯುತ್ತಿರಲಿಲ್ಲ.

ಒಂದೊಂದು ಕಡೆ ಒಂದೊಂದು ಥರದ ಸೂರಿದ್ದ ಕಾಲ ಅದು. ಕೊರಟಗೆರೆ ಕಡೆ ಕೈಹೆಂಚು. ಮಧುಗಿರಿ ಸುತ್ತ ಬೆಟ್ಟದ ಕಲ್ಲನ್ನೇ ಸೀಳಿ ಹೊದಿಸಿದ ಚಪ್ಪಡಿ. ಶಿರಾ ದಾಟಿ ಪಾವಗಡದ ಕಡೆ ಹೋದರೆ ಸಾಲಿಗೆ ಸಾಲೇ ಮಣ್ಣಿನ ಮಾಳಿಗೆ. ಜಂತೆ ಹರವಿ, ಮೇಲೆ ತಂಗಡಿ ಸೊಪ್ಪು ಹಾಸಿ, ಮಣ್ಣು ತುಳಿದು, ಅದರ ಮೇಲೆ ನೀರು ಇಳಿಯಗೊಡದ ಚೌಳು ಮಣ್ಣು ಬಡಿದರೆ ಆಯಿತು. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಮನೆಯವರೇ ಇನ್ನಷ್ಟು ಚೌಳು ಹೊತ್ತು ತಂದು ಹರಡುತ್ತಿದ್ದರು. ಕೂಲಿಯೇ ಬೇಡದ ಸೂರಿನ ಎದುರು ಕೂಲಿ ಕೇಳುವವನು ಏನೆಂದು ವ್ಯಾಪಾರ ಮಾಡಬೇಕು!

ಅದು ಸಾಲದು ಎಂಬಂತೆ ಪೈಪೋಟಿಗೆ ಇಬ್ಬರಿದ್ದರು. ಮಧುಗಿರಿಯಲ್ಲಿ ಒಬ್ಬ ತಗಡಿನ ವ್ಯಾಪಾರಿ. ಬೆಳಿಗ್ಗೆ ಗಾಡಿಯಲ್ಲಿ ತಗಡು ತಂದು ಸಾಯಂಕಾಲಕ್ಕೆ ಮನೆ ಮುಚ್ಚಿ ಹೋಗುತ್ತಿದ್ದ. ದೊಡ್ಡೇರಿಯಲ್ಲಿ, ಪುರವರದಲ್ಲಿ ನಾವು ಮಾತಾಡಿಟ್ಟಿದ್ದ ಮನೆಗಳನ್ನು ಅವನು ಹಾಗೆಯೇ ಕಸಿದುಕೊಂಡ. ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ಬೆಂದವರು ಮಾರನೆಯ ವರ್ಷ ನಮ್ಮ ಹತ್ತಿರ ಬಂದು ನಿಟ್ಟುಸಿರು ಬಿಡುತ್ತಿದ್ದರು. ಇನ್ನೊಬ್ಬ ಹಿಂದೂಪುರದ ಹೆಂಚಿನ ಕಂಟ್ರಾಕ್ಟರು. ಸೈಕಲ್ಲು, ಕೈಗಡಿಯಾರ, ತಲೆಗೆ ಘಮಘಮಿಸುವ ಎಣ್ಣೆ. ಪಾವಗಡ ಅವನಿಗೆ ಹತ್ತಿರ, ನಮಗೆ ದೂರ. ನಾವು ಎಷ್ಟು ಹೇಳಿದರೂ ಅವನು ಅದಕ್ಕಿಂತ ಕಡಿಮೆ ಹೇಳುತ್ತಿದ್ದ. ಅವನ ಹೆಂಚು ಕೆಟ್ಟದ್ದಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಹೊದಿಸುವುದರಲ್ಲಿ ಅವಸರ, ಮಾತಿನಲ್ಲಿ ಕೊಬ್ಬು. ಇವತ್ತಿಗೂ ಅವನ ನೆನಪಾದರೆ ನನ್ನ ಮೈ ಉರಿಯುತ್ತದೆ.

ನಮ್ಮ ಕೈಯಲ್ಲಿದ್ದದ್ದು ಒಂದೇ ಅಸ್ತ್ರ, ಬೂದಿ. ಹೆಂಚು ಹೊದಿಸಿ ಮುಗಿದ ಮೇಲೆ ಮನೆಯ ನೆಲಕ್ಕೆಲ್ಲ ಜರಡಿ ಹಿಡಿದ ಬೂದಿ ಹರಡುತ್ತಿದ್ದೆವು. ಆಮೇಲೆ ಸೂರಿನ ನೆತ್ತಿಗೆ ಕೊಡಗಟ್ಟಲೆ ನೀರು ಹುಯ್ಯುತ್ತಿದ್ದೆವು. ಮನೆಯ ಹೆಂಗಸರು ಒಳಗೆ ಬಂದು ಬೂದಿ ನೋಡಬೇಕು. ಒಂದು ಹನಿ ಬಿದ್ದರೂ ಬೂದಿಯಲ್ಲಿ ಗುಳಿ ಬೀಳುತ್ತದೆ, ಸುಳ್ಳು ಹೇಳುವಂತಿಲ್ಲ. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ದೊಡ್ಡ ಕೆಲಸವಾದರೆ ಮೊದಲ ಮಳೆಗೆ ನಾನೇ ಹೋಗಿ ಆ ಮನೆಯಲ್ಲಿ ಕೂರುತ್ತಿದ್ದೆ. ಹಿಂದೂಪುರದವನು ಇದನ್ನೆಲ್ಲ ಕೇಳಿ ನಗುತ್ತಿದ್ದನಂತೆ. ನಗಲಿ. ನಾನು ಮುಚ್ಚಿದ ಮನೆಯಲ್ಲಿ ಬೂದಿ ಗುಳಿ ಬಿದ್ದದ್ದಿಲ್ಲ ಎಂದು ನಾಲ್ಕೂ ತಾಲ್ಲೂಕಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಇದೇ ಜಂಬ ಮುಂದೆ ನನ್ನನ್ನು ಹಿಡಿದು ಹಾಕಿತು.

ಪಾವಗಡದ ಆಚೆ ಒಂದು ಹಳ್ಳಿ. ಅಲ್ಲೊಬ್ಬರು ಕಡಲೆಕಾಯಿ ವ್ಯಾಪಾರದ ಶೆಟ್ಟರು. ಇಡೀ ಊರಿಗೆ ಮೊದಲ ಹೆಂಚಿನ ಮನೆ ತಮ್ಮದಾಗಬೇಕು ಎಂಬ ಆಸೆ ಅವರಿಗೆ. ಹಿಂದೂಪುರದವನನ್ನೂ ಕರೆಸಿದ್ದರು, ನಮ್ಮನ್ನೂ ಕರೆಸಿದ್ದರು. ಬೂದಿಯ ಕತೆ ಕೇಳಿ ಶೆಟ್ಟರ ಹೆಂಡತಿ ಒಳಗಿನಿಂದಲೇ, "ಇವರಿಗೇ ಕೊಟ್ಬುಡಿ" ಎಂದರು. ಕೆಲಸ ನಮಗಾಯಿತು. ಸುತ್ತಮುತ್ತಲ ಊರುಗಳಲ್ಲಿ ಇನ್ನೂ ಕೆಲವರು ಹೆಂಚಿನ ಆಸೆ ಇಟ್ಟುಕೊಂಡು ಈ ಮನೆ ಹೇಗಾಗುತ್ತದೋ ನೋಡೋಣ ಎಂದು ಕಾಯುತ್ತಿದ್ದರು. ಇದು ಗೆದ್ದರೆ ಪಾವಗಡದ ಕಡೆ ನಮ್ಮ ಕಾಲೂರುತ್ತದೆ, ಸೋತರೆ ಆ ಕಡೆ ತಲೆ ಹಾಕುವಂತಿಲ್ಲ.

ಶೆಟ್ಟರ ಮನೆ ಒಂದು ಸಾಲಿನ ನಡುವಿನದು. ಅದರ ಎಡಕ್ಕೊಂದು, ಬಲಕ್ಕೊಂದು ರೈತರ ಮನೆ. ಗೋಡೆಗೆ ಗೋಡೆ ಕೂಡಿಕೊಂಡು ಮಾಳಿಗೆಗಳೆಲ್ಲ ಒಂದೇ ಬಯಲಿನ ಹಾಗೆ ಹಬ್ಬಿದ್ದವು. ಮಾಳಿಗೆ ಹತ್ತಲು ಒಳಗೇ ಏಣಿ, ಏಣಿಯ ಮೇಲೆ ತಲೆ ತೂರುವಷ್ಟು ಕಿಂಡಿ, ಕಿಂಡಿಗೆ ಹಲಗೆ. ಮೊದಲ ದಿನ ನಾನೂ ಆಚಾರಿಯೂ ಕೂಲಿಯವರೊಂದಿಗೆ ಮೇಲೆ ಹತ್ತಿ ಬೀದಿಯ ಕಡೆಯಿಂದ ಮಣ್ಣು ಅಗೆದು ಕೆಳಗೆ ತಳ್ಳಲು ಶುರುಮಾಡಿದೆವು.

ಹೊತ್ತು ಇಳಿಯುವಾಗ ಎಡಗಡೆ ಮನೆಯ ಕಿಂಡಿಯ ಹಲಗೆ ಸರಿಯಿತು. ಒಬ್ಬ ಮುದುಕಿ ಮೇಲೆ ಬಂದಳು. ಕೈಯಲ್ಲಿ ಸೆರಗು ಮುಚ್ಚಿದ ಬೋಗುಣಿ. ಶೆಟ್ಟರ ಮಾಳಿಗೆಯ ಹಿಂಭಾಗದಲ್ಲಿ ಒಂದೇ ಗೆರೆ ಹಿಡಿದು ನಡೆದು ಬಂದವಳು ನಮ್ಮ ಹಾರೆ ಗುದ್ದಲಿ ನೋಡಿ ನಿಂತುಬಿಟ್ಟಳು.

"ಏಮಿ ನಾಯ್ನಾ, ಇದಂತಾ ಪೀಕೇಸ್ತಾರಾ?" ಎಂದಳು. ಆ ಕಡೆಯವರ ಮನೆಮಾತು ತೆಲುಗು. ಏನಪ್ಪಾ, ಇದನ್ನೆಲ್ಲ ಕಿತ್ತುಹಾಕುತ್ತೀರಾ ಎಂದು ಕೇಳಿದ್ದು.

"ಹೌದವ್ವಾ, ಪೂರ್ತಿ. ಹೆಂಚು ಬರುತ್ತೆ" ಎಂದೆ, ಶುಭಸಮಾಚಾರ ಹೇಳುವವನಂತೆ.

"ಮತ್ತೆ ನಾನು ಹೆಂಗೆ ಹೋಗ್ಬೇಕು ನಾಯ್ನಾ?"

ಎಲ್ಲಿಗೆ ಎಂದು ಕೇಳಿದೆ. ಅವಳು ಬಲಗಡೆ ಮನೆಯ ಕಡೆ ಕತ್ತು ತಿರುಗಿಸಿದಳು. ಅಲ್ಲಿನ ಮಾಳಿಗೆಯ ಮೇಲೆ ಒಬ್ಬ ತುಂಬು ಬಸುರಿ ನಿಂತಿದ್ದಳು. ಅದು ಮಗಳು.

ಬೀದಿ ಇಲ್ಲವೇ, ಕೆಳಗಿಳಿದು ನಾಲ್ಕು ಹೆಜ್ಜೆ ನಡೆದರೆ ಆಯಿತಲ್ಲ ಎಂದು ನಾನು ರೇಗಿದೆ. ಆಗ ಮುದುಕಿ ಹೇಳಿದ ಸಂಗತಿ ಇದು. ಅವಳ ಮಗನಿಗೂ ಅಳಿಯನಿಗೂ ಒಂದೇ ಬಾವಿ. ಎತ್ತು ಕಟ್ಟಿ ನೀರೆತ್ತುವ ಕಪಿಲೆ ಹೊಡೆಯುವ ಸರದಿಗೆ ಜಗಳ ಬಂದು, ಮಾತು ಬೆಳೆದು, ಇಬ್ಬರೂ ದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿದ್ದರು. ಈ ಮನೆಯವರು ಯಾರೂ ಆ ಮನೆಯ ಹೊಸ್ತಿಲು ತುಳಿಯುವಂತಿಲ್ಲ, ಆ ಮನೆಯವರು ಈ ಮನೆಯದನ್ನು ತುಳಿಯುವಂತಿಲ್ಲ. ಗಂಡಸರು ಆಣೆ ಮಾಡಿ ಹೊಲಕ್ಕೆ ಹೋದರು, ಅದನ್ನು ಹೊರುವ ಪಾಡು ತಾಯಿ ಮಗಳದಾಯಿತು.

"ಹೊಸ್ತಿಲ ಮೇಲೆ ಆಣೆ ಇಟ್ಟವ್ರೆ ನಾಯ್ನಾ. ಮಾಳಿಗೆ ಮೇಲೆ ಹೊಸ್ತಿಲು ಎಕ್ಕಡ ಐತೆ?" ಎಂದಳು ಮುದುಕಿ.

ನಿಜವೇ, ಕಿಂಡಿಗೆ ಹೊಸ್ತಿಲಿಲ್ಲ. ಇವಳು ತನ್ನ ಮನೆಯ ಏಣಿ ಹತ್ತಿ, ಶೆಟ್ಟರ ಮಾಳಿಗೆ ದಾಟಿ, ಮಗಳ ಮನೆಯ ಕಿಂಡಿಯಲ್ಲಿ ಇಳಿಯುತ್ತಿದ್ದಳು. ಆಣೆಗೆ ಭಂಗವಿಲ್ಲ, ದೇವರಿಗೆ ಕೋಪವಿಲ್ಲ. ಗಂಡಸರಿಗೆ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದರು. ಊರಿಗೂ ಗೊತ್ತಿತ್ತು. ಈಗ ಮಗಳಿಗೆ ಚೊಚ್ಚಲು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಬಾಗಿಲಿನಿಂದ ಕರೆತರುವಂತಿಲ್ಲ, ತಿಂಗಳು ತುಂಬಿದಾಗ ಈ ದಾರಿಯಲ್ಲೇ ಕೈಹಿಡಿದು ಕರೆದುಕೊಂಡು ಬರುವುದು ಎಂದು ತಾಯಿ ಮಗಳು ನಿಶ್ಚಯ ಮಾಡಿಕೊಂಡಿದ್ದರು. ಅಷ್ಟರಲ್ಲಿ ನಾವು ಹಾರೆ ಹಿಡಿದು ಬಂದಿದ್ದೆವು.

ನಾನು ಆಗ ಕರಗಿಹೋದೆ ಎಂದೇನೂ ತಿಳಿಯಬೇಡಿ. ನನಗೆ ಬಂದದ್ದು ಸಿಟ್ಟು. ಮಗನ ಮೇಲೆ, ಅಳಿಯನ ಮೇಲೆ, ಕಡೆಗೆ ಆ ಮುದುಕಿಯ ಮೇಲೂ. ಹೆಂಚಿನ ಸೂರು ಇಳಿಜಾರು, ಅದರ ಮೇಲೆ ಬೆಕ್ಕು ನಡೆಯಬಹುದು, ಬಸುರಿ ನಡೆಯುವುದುಂಟೇ? ಹಿಂಭಾಗದಲ್ಲಿ ಒಂದು ಪಟ್ಟಿ ಮಾಳಿಗೆ ಉಳಿಸಿ ಮುಂದಕ್ಕೆ ಹೆಂಚು ಹಾಕಬಹುದು, ನಿಜ. ಆದರೆ ಹೆಂಚು ಮತ್ತು ಮಣ್ಣು ಕೂಡುವ ಕಡೆ ಒಂದು ಸಂದು ಆಗುತ್ತದೆ. ಮಣ್ಣು ಬಿಸಿಲಿಗೆ ಕುಗ್ಗುತ್ತದೆ, ಮಳೆಗೆ ಹಿಗ್ಗುತ್ತದೆ. ಗಾರೆ ಕೂತಲ್ಲೇ ಕೂರುತ್ತದೆ. ಎರಡರ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರಿಗೆ ಸಾಕು. ಹಳೇ ಮಾಳಿಗೆಗೆ ಹೊಸ ಹೆಂಚು ಕೂಡಿಸುವ ಕೆಲಸವನ್ನು ನಾನು ಎಂದೂ ಒಪ್ಪಿಕೊಂಡವನಲ್ಲ.

"ಆಗೋ ಮಾತಲ್ಲ ಆಚಾರ್ರೇ" ಎಂದೆ.

ಆಚಾರಿ ಬೀಡಿ ಹಚ್ಚಿಕೊಂಡು ಮುದುಕಿ ಹೋದ ಗೆರೆಯನ್ನೇ ನೋಡುತ್ತಿದ್ದರು. ಮಾಳಿಗೆಯ ಚೌಳಿನ ಮೇಲೆ ಆ ಗೆರೆ ಬೆಳ್ಳಗೆ, ನುಣ್ಣಗೆ ಸವೆದಿತ್ತು. "ಎಷ್ಟು ಸಲಿ ನಡ್ದವಳೆ ನೋಡ್ರಿ ಸಾಬ್ರೇ" ಎಂದರು ಅಷ್ಟೇ.

ಶುಕ್ರವಾರ ಶಿರಾಕ್ಕೆ ಬಂದವನು ಊಟಕ್ಕೆ ಕೂತಾಗ ಹೆಂಡತಿಯ ಹತ್ತಿರ ಇದನ್ನೆಲ್ಲ ಬೈದುಕೊಂಡೆ. ನಮ್ಮದು ಮನೆಯಲ್ಲಿ ಉರ್ದು. ಅವಳು ಬಡಿಸುವುದನ್ನು ನಿಲ್ಲಿಸಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಒಂದು ಹನಿ ಬೀಳಲ್ಲ ಅಂತ ಊರೆಲ್ಲ ಸಾರಿಕೊಂಡು ಬರ್ತೀರಿ. ಒಂದು ಸಂದಿಗೆ ಹೆದರಿದಿರಾ? ಮಾವನವರು ಇದ್ದಿದ್ದರೆ ನಗೋರು."

ದಯೆ ಕರುಣೆ ಅಂತ ಹೇಳಿದ್ದರೆ ವಾದ ಮಾಡುತ್ತಿದ್ದೆನೇನೋ. ಅವಳು ಚುಚ್ಚಿದ್ದು ಸರಿಯಾದ ಜಾಗಕ್ಕೆ. ಮಾರನೆಯ ದಿನವೇ ಬಸ್ಸು ಹತ್ತಿದೆ, ತಂದೆಯವರು ಗಾರೆ ಮೆತ್ತುತ್ತಿದ್ದ ಹಳೇ ಕರಣೆಯನ್ನು ಚೀಲದಲ್ಲಿ ಇಟ್ಟುಕೊಂಡು.

ಶೆಟ್ಟರನ್ನು ಒಪ್ಪಿಸುವುದು ಸುಲಭವಿರಲಿಲ್ಲ. "ನಾನು ಕೇಳಿದ್ದು ಮನೆಗೆ ಹೆಂಚು ಕಣ್ರೀ. ಊರೋರು ಓಡಾಡೋಕೆ ರಸ್ತೆ ಅಲ್ಲ" ಎಂದು ಕೂಗಾಡಿದರು. ಅವರ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮುದುಕಿ ನಡೆಯುವ ಗೆರೆ ಇರುವುದು ಆ ಅಡುಗೆಮನೆಯ ನೆತ್ತಿಯ ಮೇಲೆಯೇ.

"ದಿನಾ ಸಾಯಂಕಾಲ ಪಕ್ಕದ್ಮನೆ ಅವ್ವ ಮೇಲೆ ಹೋದಾಗ ಜಂತೆ ಸಂದೀಲಿ ಚೂರು ಮಣ್ಣು ಉದುರ್ತದೆ. ಅದು ಉದುರ್ತು ಅಂದ್ರೆ ನಾನು ದೀಪ ಹಚ್ತೀನಿ. ಇಷ್ಟು ವರ್ಷದಿಂದ ಹಂಗೇ ನಡ್ಕೊಂಡು ಬಂದೈತೆ. ನಿಮಗೆ ಗೊತ್ತಿಲ್ವಾ?" ಎಂದರು ಗಂಡನನ್ನು ನೋಡಿ.

ಶೆಟ್ಟರು ಗೊತ್ತಿಲ್ಲ ಎನ್ನಲಿಲ್ಲ.

ಅದೇ ಸಮಯವೆಂದು ನಾನು ನನ್ನ ಉಪಾಯ ಹೇಳಿದೆ. ಅಡುಗೆಮನೆಗೂ ನಡುಮನೆಗೂ ನಡುವಿನ ಗೋಡೆಯನ್ನು ಎತ್ತರಿಸುವುದು. ಅಲ್ಲಿಂದ ಬೀದಿಗೆ ಒಂದೇ ಇಳಿಜಾರಾಗಿ ಹೆಂಚು ಹೊದಿಸುವುದು. ಗೋಡೆಯ ಹಿಂದೆ ಅಡುಗೆಮನೆಯ ಮೇಲೆ ಹಳೇ ಮಾಳಿಗೆ ಹಾಗೆಯೇ ಇರಲಿ. ಬೀದಿಯಲ್ಲಿ ನಿಂತು ನೋಡಿದರೆ ಕಾಣುವುದೆಲ್ಲ ಹೆಂಚೇ, ಹಿಂದಿನ ಪಟ್ಟಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬೀದಿಗೆ ಕಾಣುವುದೆಲ್ಲ ಹೆಂಚೇ ಎಂಬ ಮಾತು ಶೆಟ್ಟರಿಗೆ ಹಿಡಿಸಿತು. ಆದರೂ ಬೆರಳು ತೋರಿಸಿ ಹೇಳಿದರು: "ಮೊದಲ್ನೇ ಮಳೇಲಿ ಆ ಸಂದೀಲಿ ಒಂದು ಹನಿ ಬಿದ್ರೆ, ಪಾವಗಡದ ಸಂತೇಲಿ ನಿಂತು ಹೇಳ್ತೀನಿ ಸಾಬ್ರೇ. ಆಮೇಲೆ ಬೇಜಾರು ಮಾಡ್ಕೋಬೇಡಿ."

ಕೆಲಸ ಅರ್ಧವಾಗಿದ್ದಾಗ ಹಿಂದೂಪುರದವನು ಸೈಕಲ್ಲಿನಲ್ಲಿ ಬಂದ. ಇಳಿಯಲೂ ಇಲ್ಲ, ಒಂದು ಕಾಲು ನೆಲಕ್ಕೆ ಊರಿ ಮೇಲೆ ನೋಡಿದ. "ಏನ್ ಶೆಟ್ರೇ, ಎರಡೂ ಕಡೆ ಇಳಿಜಾರು ಇಲ್ದೆ ಮನೇನಾ ಇದು? ದನದ ಕೊಟ್ಟಿಗೆ ಕಟ್ಟಿಸ್ತಿದೀರಾ?" ಎಂದ, ಬೀದಿಗೆಲ್ಲ ಕೇಳುವಂತೆ. ನನ್ನ ಕೈಯಲ್ಲಿ ಹೆಂಚಿತ್ತು. ಆಚಾರಿ ನನ್ನ ರಟ್ಟೆ ಹಿಡಿದುಕೊಳ್ಳದಿದ್ದರೆ ಅದು ಎಲ್ಲಿ ಹೋಗಿ ಬೀಳುತ್ತಿತ್ತೋ ನನಗೇ ಗೊತ್ತಿಲ್ಲ. ಅವನು ಸಂತೆಯಲ್ಲೂ ಅದನ್ನೇ ಹೇಳಿಕೊಂಡು ತಿರುಗಿದ. ಹೆಂಚಿನ ಆಸೆ ಇಟ್ಟುಕೊಂಡಿದ್ದವರೆಲ್ಲ ಮಳೆ ಬರಲಿ, ನೋಡೋಣ ಎಂದು ಹೇಳಿ ಕಳಿಸಿದರು.

ಮುದುಕಿ ಮಾತ್ರ ದಿನವೂ ಬಂದಳು. ಆ ಪಟ್ಟಿಯನ್ನು ನಾವು ಮುಟ್ಟಿರಲಿಲ್ಲ, ಆದರೆ ಅದರ ಮೇಲೆಲ್ಲ ಇಟ್ಟಿಗೆ, ಸುಣ್ಣದ ಬಾಣಲಿ, ಹೆಂಚಿನ ರಾಶಿ. ಅವಳು ಸೆರಗು ಎತ್ತಿ ಕಟ್ಟಿಕೊಂಡು ಅವುಗಳ ನಡುವೆ ಹುಷಾರಾಗಿ ಕಾಲಿಡುತ್ತ, "ಯಾವಾಗ ಮುಗೀತದೆ ನಾಯ್ನಾ?" ಎಂದು ಕೇಳುತ್ತಿದ್ದಳು. ಮಗಳನ್ನು ಆ ರಾಶಿಯ ನಡುವೆ ನಡೆಸುವಂತಿರಲಿಲ್ಲ. ಹೊಟ್ಟೆ ಕೆಳಗಿಳಿದಿದೆ, ಇನ್ನು ಬಹಳ ದಿನ ಕಾಯುವಂತಿಲ್ಲ ಎನ್ನುವಳು. ನಾನು ಬೇಗ ಬೇಗ ಎಂದು ಕೂಲಿಯವರ ಮೇಲೆ ಹರಿಹಾಯುತ್ತಿದ್ದೆ. ಸಂದಿನ ಕೆಲಸವನ್ನು ಮಾತ್ರ ಯಾರಿಗೂ ಬಿಡಲಿಲ್ಲ. ತಂದೆಯವರು ಮಾಡುತ್ತಿದ್ದ ಹಾಗೆಯೇ ಸುಣ್ಣ ನೆನೆಹಾಕಿ, ಬೆಲ್ಲದ ನೀರು, ಅಳಲೆಕಾಯಿ ನೀರು ಕೂಡಿಸಿ ಅರೆದು, ಗೋಡೆಯ ಬುಡಕ್ಕೆ ತುಟಿಯಂತೆ ಮುಂದೆ ಚಾಚಿದ ಗಾರೆಯ ಅಂಚು ಎಳೆದೆ. ಅವರ ಕರಣೆಯ ಹಿಡಿ ನನ್ನ ಕೈಗೆ ಸರಿಯಾಗಿ ಕೂರುತ್ತಿರಲಿಲ್ಲ, ಅದು ಅವರ ಹೆಬ್ಬೆರಳಿಗೆ ಸವೆದದ್ದು. ಒಂದೆರಡು ಸಲ ಕಣ್ಣು ತುಂಬಿ ಬಂತು.

ಕೆಲಸ ಮುಗಿದ ದಿನ ಬೂದಿ ಹರಡಿದೆವು. ನೀರು ಹುಯ್ದೆವು, ಹೆಂಚಿನ ಮೇಲೂ, ಗೋಡೆಯ ಹಿಂದಿನ ಮಣ್ಣಿನ ಪಟ್ಟಿಯ ಮೇಲೂ. ಶೆಟ್ಟರ ಹೆಂಡತಿ ಸಂದಿನ ಕೆಳಗೆ ಅಡುಗೆಮನೆಯ ಬಾಗಿಲಲ್ಲಿ ಬಗ್ಗಿ ಬಗ್ಗಿ ನೋಡಿ, "ಒಣಗೇ ಐತೆ" ಎಂದು ಕೂಗಿದರು. ನಾನು ಮೀಸೆ ತಿರುವುತ್ತಿದ್ದೆ. ಅಷ್ಟರಲ್ಲಿ ಬಲಗಡೆಯ ಕಿಂಡಿಯಿಂದ ಮಗಳು ಮೇಲೆ ಬಂದಳು.

ಮುದುಕಿಗೆ ನಮ್ಮ ನೀರಿನ ವಿಷಯ ಗೊತ್ತಿರಲಿಲ್ಲ. ಕೆಲಸ ಮುಗಿಯಿತೆಂದು ಕೇಳಿದ್ದೇ ತಡ ಮಗಳನ್ನು ಹೊರಡಿಸಿದ್ದಳು. ಪಟ್ಟಿಯ ಚೌಳು ನೀರು ಕುಡಿದು ಬೆಣ್ಣೆಯ ಹಾಗೆ ಜಾರುತ್ತಿತ್ತು. ಬಲಗಡೆಯ ಮಾಳಿಗೆಯ ಅಂಚಿನವರೆಗೆ ಗಂಡ ಅವಳನ್ನು ತಂದು ನಿಲ್ಲಿಸಿದ. ಅಲ್ಲಿಂದ ಮುಂದೆ ಒಂದು ಹೆಜ್ಜೆ ಇಡಲಿಲ್ಲ. ಎಡಗಡೆಯ ಮಾಳಿಗೆಯ ಅಂಚಿನಲ್ಲಿ ಅಣ್ಣ ನಿಂತಿದ್ದ. ಅವನೂ ಅಲ್ಲಾಡಲಿಲ್ಲ. ಇಬ್ಬರೂ ಎರಡು ಕಡೆ ನೆಟ್ಟ ಕಂಬಗಳ ಹಾಗೆ, ಒಬ್ಬರನ್ನೊಬ್ಬರು ನೋಡದೆ ನಿಂತರು. ನಡುವೆ ಒದ್ದೆ ಮಣ್ಣು, ಅದರ ಮೇಲೆ ಮುದುಕಿ, ಬಸುರಿ.

"ಯಾರಾದ್ರೂ ಹಿಡ್ಕೊಳ್ರಯ್ಯಾ! ಇಲ್ಲಿ ಹೊಸ್ತಿಲಿಲ್ಲ, ಏನಿಲ್ಲ!" ಎಂದು ನಾನು ಅರಚಿದೆ. ಒಬ್ಬನೂ ಕದಲಲಿಲ್ಲ. ಅಷ್ಟು ಸಿಟ್ಟು ನನಗೆ ಜೀವಮಾನದಲ್ಲಿ ಬಂದಿಲ್ಲ. ಕಡೆಗೆ ಆಚಾರಿ ಹೆಗಲ ಮೇಲಿನ ವಸ್ತ್ರವನ್ನು ಕೆಸರಿನ ಮೇಲೆ ಹಾಸಿದರು. ನಾನು ನನ್ನದನ್ನೂ ಹಾಸಿದೆ. ಕೂಲಿಯವರು ಖಾಲಿ ಗೋಣಿಚೀಲ ತಂದು ಹಾಸಿದರು. ಮುದುಕಿ ಒಂದು ಕಡೆ, ಆಚಾರಿ ಇನ್ನೊಂದು ಕಡೆ ಹಿಡಿದುಕೊಂಡರು. ಆ ಹುಡುಗಿ ತುಟಿ ಕಚ್ಚಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ದಾಟಿದಳು. ದಾಟಿದ ಮೇಲೆ ಒಮ್ಮೆ ತಿರುಗಿ ಗಂಡನನ್ನು ನೋಡಿದಳು. ಅವನು ಆಗಲೇ ಬೆನ್ನು ಹಾಕಿ ಕಿಂಡಿಗೆ ಇಳಿಯುತ್ತಿದ್ದ.

ಆಮೇಲೆ ಮಳೆಗಾಗಿ ಕಾದೆವು. ಬುಕ್ಕಾಪಟ್ಟಣದ ಕಡೆ ಒಂದು ಚಿಕ್ಕ ಕೆಲಸ ಹಿಡಿದಿದ್ದೆ, ಅಲ್ಲಿ ಮನಸ್ಸು ನಿಲ್ಲಲಿಲ್ಲ. ಹಿಂದೂಪುರದವನು ಹೇಳಿದ್ದು, ಶೆಟ್ಟರು ಹೇಳಿದ್ದು ಎರಡೂ ತಲೆಯಲ್ಲಿ ತಿರುಗುತ್ತಿದ್ದವು. ನಮ್ಮ ಸೀಮೆಯ ಮಳೆ ಬರುತ್ತೇನೆಂದು ಹೇಳಿ ಬಾರದಿರುವುದರಲ್ಲಿ ಹೆಸರುವಾಸಿ. ಒಂದು ಮಧ್ಯಾಹ್ನ ಪೂರ್ವಕ್ಕೆ ಮೋಡ ಕಟ್ಟಿದ್ದು ನೋಡಿ, ಕೆಲಸ ಅಲ್ಲಿಗೇ ಬಿಟ್ಟು ಪಾವಗಡದ ಬಸ್ಸು ಹತ್ತಿದೆ. ಊರು ಮುಟ್ಟಿ ಶೆಟ್ಟರ ಜಗಲಿ ಹತ್ತುವಾಗಲೇ ಮೊದಲ ಹನಿಗಳು ಬೆನ್ನಿಗೆ ಬಿದ್ದವು.

"ಬನ್ನಿ ಸಾಬ್ರೇ, ನಿಮ್ಮ ಪರೀಕ್ಷೆ" ಎಂದರು ಶೆಟ್ಟರು. ಹೆಂಡತಿ ಆಗಲೇ ಸಂದಿನ ಕೆಳಗೆ ಬೂದಿ ಹರಡಿದ್ದರು. ನಾವು ಮೂವರೂ ಅಡುಗೆಮನೆಯ ಬಾಗಿಲ ಹತ್ತಿರ ಕೂತೆವು. ಮುದುಕಿಯ ಮನೆಯಲ್ಲಿ ಗಂಡು ಮಗು ಹುಟ್ಟಿದ ಸುದ್ದಿಯನ್ನು ಶೆಟ್ಟರ ಹೆಂಡತಿ ಆಗ ಹೇಳಿದರು. ತಾಯಿ ಮಗು ಚೆನ್ನಾಗಿದ್ದಾರಂತೆ. ಅಳಿಯ ಇನ್ನೂ ಮುಖ ನೋಡಿಲ್ಲವಂತೆ. ಬೀದಿಯಲ್ಲಿ ನಿಂತು ತೊಟ್ಟಿಲಿನ ಸದ್ದು ಕೇಳಿಸುತ್ತದೇನೋ ಎಂದು ಕಿವಿಗೊಡುತ್ತಾನಂತೆ, ಊರೆಲ್ಲ ಅದೇ ಮಾತಂತೆ.

ಮಳೆ ಜೋರಾಯಿತು. ಹೆಂಚಿನ ಮೇಲೆ ಅದರ ಸದ್ದು ಕೇಳುವುದಕ್ಕೆ ನನಗೆ ಯಾವಾಗಲೂ ಸುಖ. ಅವತ್ತು ಮಾತ್ರ ಅದು ನನ್ನ ಕಿವಿಗೆ ಬೀಳಲಿಲ್ಲ. ಸಂದಿನ ಕಡೆಯಿಂದ ಕಣ್ಣು ಕೀಳದೆ ಕೂತಿದ್ದೆ. ಬೂದಿ ಒಣಗಿಯೇ ಇತ್ತು. ಮಳೆಯ ಅಬ್ಬರ ಇಳಿದು ಇನ್ನೇನು ನಿಲ್ಲುತ್ತದೆ ಎನ್ನುವಾಗ ಅಡುಗೆಮನೆಯ ಜಂತೆಯಿಂದ ಚೂರು ಮಣ್ಣು ಉದುರಿತು.

ಶೆಟ್ಟರ ಹೆಂಡತಿ ಅಭ್ಯಾಸಬಲದಿಂದ ದೀಪಕ್ಕೆ ಕೈಹಾಕಿದವರು ಹಾಗೆಯೇ ನಿಂತರು. ಮೇಲೆ ಹೆಜ್ಜೆ. ಆದರೆ ಮುದುಕಿಯದಲ್ಲ. ಮುದುಕಿ ಮಗಳನ್ನು ಬಿಟ್ಟು ಏಳುವಂತಿಲ್ಲ, ಅವಳು ಈ ಕಡೆ ಬಂದು ಎಷ್ಟೋ ದಿನವಾಗಿತ್ತು. ಇದು ಭಾರದ ಹೆಜ್ಜೆ, ಬಲಗಡೆಯಿಂದ ಬರುತ್ತಿತ್ತು. ನಮ್ಮ ತಲೆಯ ಮೇಲೆ ಸರಿಯಾಗಿ ನಡುವಿಗೆ ಬಂದು ನಿಂತಿತು. ಎಷ್ಟು ಹೊತ್ತು ನಿಂತಿತೋ. ಇನ್ನು ಹಿಂದಕ್ಕೆ ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಎಡಕ್ಕೆ ಹೊರಟಿತು. ಸ್ವಲ್ಪ ಹೊತ್ತಿನ ಮೇಲೆ ಆಚೆ ಮನೆಯ ಕಿಂಡಿಯ ಹಲಗೆ ಸರಿದ ಸದ್ದು 'ಕಿರ್' ಎಂದು ಗೋಡೆಯ ಮೂಲಕ ಕೇಳಿಸಿತು.

ಆಗಲೇ ಸಂದಿನಿಂದ ಒಂದು ಹನಿ ಬಿತ್ತು. ಅವನ ತೂಕಕ್ಕೆ ಜಂತೆ ಅಲುಗಿ ಎಲ್ಲೋ ಕೂದಲೆಳೆ ಬಿಟ್ಟುಕೊಂಡಿತ್ತೋ ಏನೋ. ಬೂದಿಯಲ್ಲಿ ಗುಳಿ ಎದ್ದು ಕಂಡಿತು. ನಾನು ನೋಡಿದೆ, ಶೆಟ್ಟರೂ ನೋಡಿದರು. ಸಂತೆ, ಸೈಕಲ್ಲು, ಹಿಂದೂಪುರದವನ ನಗು ಎಲ್ಲ ಕಣ್ಣ ಮುಂದೆ ಬಂದವು. ಶೆಟ್ಟರು ಕಾಲು ಚಾಚಿ, ಹೆಬ್ಬೆರಳಿನಿಂದ ಆ ಗುಳಿಯನ್ನು ಒರೆಸಿಬಿಟ್ಟರು.

"ಸೋರಿಲ್ಲ ಬುಡಿ ಸಾಬ್ರೇ" ಎಂದರು. "ಲೇ, ದೀಪ ಹಚ್ಚೇ."

ರಾತ್ರಿ ಅವರ ಜಗಲಿಯ ಮೇಲೇ ಮಲಗಿದೆ. ಅವರು ಒರೆಸಿದರೆಂದು ನಾನು ಬಿಡುವುದುಂಟೇ? ಬೆಳಕು ಹರಿಯುತ್ತಲೇ ಸುಣ್ಣದ ಬಟ್ಟಲು, ಕರಣೆ ಹಿಡಿದು ಮಾಳಿಗೆ ಹತ್ತಿದೆ. ಮಳೆ ನಿಂತು, ಚೌಳು ಮೆತ್ತಗೆ ಹದವಾಗಿತ್ತು. ಅದರ ಮೇಲೆ ಬಲದಿಂದ ಎಡಕ್ಕೆ ಗಂಡಸಿನ ಹೆಜ್ಜೆಗಳು ಅಚ್ಚೊತ್ತಿದಂತೆ ಮೂಡಿದ್ದವು. ನಡುವೆ, ಅವನು ನಿಂತಿದ್ದ ಕಡೆ, ಎರಡು ಪಾದ ಆಳವಾಗಿ ಇಳಿದಿದ್ದವು. ವಾಪಸು ಬಂದ ಹೆಜ್ಜೆಗಾಗಿ ಹುಡುಕಿದೆ. ಇರಲಿಲ್ಲ.

ಎಡಗಡೆಯ ಮಾಳಿಗೆಯ ಅಂಚಿಗೆ ಹೋಗಿ ಬೀದಿಗೆ ಬಗ್ಗಿ ನೋಡಿದೆ. ಅಳಿಯ ಅತ್ತೆಯ ಮನೆಯ ಮುಂಬಾಗಿಲ ಜಗಲಿಯ ಮೇಲೆ ಬೇವಿನಕಡ್ಡಿ ಜಗಿಯುತ್ತ ಕೂತಿದ್ದ. ಕಿಂಡಿಯಲ್ಲಿ ಇಳಿದವನು ಹೊಸ್ತಿಲು ದಾಟಿಯೇ ಹೊರಗೆ ಬಂದಿದ್ದ. ಮುದುಕಿಯ ಮಗ ಒಳಗಿನಿಂದ ಒಂದು ಚೆಂಬು ನೀರು ತಂದು ಅವನ ಪಕ್ಕದಲ್ಲಿ ಇಟ್ಟು ಹೋದ.

ನಾನು ಬಂದು ಸಂದಿನ ಹತ್ತಿರ ಕುಕ್ಕರುಗಾಲಲ್ಲಿ ಕೂತೆ. ಇನ್ನು ಈ ದಾರಿಯಲ್ಲಿ ಯಾರೂ ನಡೆಯಬೇಕಾಗಿಲ್ಲ. ಆದರೂ ಗಾರೆ ಕಲಸಿದೆ, ಆ ಹೆಜ್ಜೆಗಳ ಮೇಲೆ ಕಾಲಿಡದ ಹಾಗೆ ಒಂದು ಕಡೆಗೆ ಸರಿದುಕೊಂಡು.